‘ಸೀಟಿಲ್ಲ’ ಎಂದಾಗ

100 ಸೀಟಿಗೆ 1,000 ಅರ್ಜಿ ಬಂದರೆ 900 ಮಂದಿಗೆ ‘ಇಲ್ಲ’ ಎಂಬುದೇ ಉತ್ತರ. ಬಿ.ಕಾಂ. ಮುಗಿಸಿ ಮುಂದೆ ಓದಬೇಕೆಂದಿರುವ ನಾವೆಲ್ಲ ಆ ‘ಇಲ್ಲ’ವನ್ನು ಹೇಗೆ ಓದಬೇಕು ಅನ್ನೋದಕ್ಕೆ ನಮ್ಮ ಮುಂಬಯಿಯದೇ ಒಂದು ಉದಾಹರಣೆಯಿದೆ.

1933ರಲ್ಲಿ ಕಮಲಾ ಭಾಗವತ್ (ಮುಂದೆ ಸೊಹೋನಿ) ಬೊಂಬಾಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ.ಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ನಿರ್ದೇಶಕ ಸಿ.ವಿ. ರಾಮನ್ ಅವರು ಹೆಣ್ಣೆಂಬ ಕಾರಣಕ್ಕೆ ಬೇಡವೆಂದರು. ಕಮಲಾ ಬೆಂಗಳೂರಿಗೇ ಹೋಗಿ ಪಟ್ಟು ಹಿಡಿದರು. ಕೊನೆಗೆ ಷರತ್ತು ಹಾಕಿ, ಒಂದು ವರ್ಷ ನೋಡೋಣವೆಂದು ಸೇರಿಸಿಕೊಂಡರು. ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಅವರು ಮಾಡಿದ ಕೆಲಸ ಕಂಡು ರಾಮನ್ನರೇ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದರು. ಕಮಲಾ 1939ರಲ್ಲಿ ಕೇಂಬ್ರಿಜ್ಜಿನ ಪಿಎಚ್.ಡಿ. ಪಡೆದರು, ಮುಂದೆ ಮುಂಬಯಿಯ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ ನಿರ್ದೇಶಕಿಯಾದರು.

ಆದ್ದರಿಂದ ‘ಇಲ್ಲ’ ಬಂದಾಗ ಮೊದಲು ಕಾರಣ ನೋಡೋಣ. ಅಂಕ ಕಡಿಮೆಯಾಗಿದ್ರೆ ಓದಿ ಮತ್ತೆ ಪರೀಕ್ಷೆ ಬರೆಯಬಹುದು. ಸೀಟೇ ಕಡಿಮೆಯಿದ್ರೆ ಇನ್ನೂ ನಾಲ್ಕು ಕಡೆ ಅರ್ಜಿ ಹಾಕಬೇಕು. ನಿಯಮವೇ ಅನ್ಯಾಯವಾಗಿದ್ರೆ ಎದುರು ನಿಂತು ಕೇಳಬೇಕು. ಕನ್ನಡ ಶಾಲೆಯಿಂದ ಬಂದ ನನ್ನಂಥವರಿಗೆ ಮೊದಲು ಹೊಳೆಯುವುದು, ‘ನಮ್ಮ ಇಂಗ್ಲಿಷೇ ಸಾಲದು, ಇದು ನಮಗಲ್ಲ’ ಎಂಬ ಮಾತು. ಹಾಗಂತ ಆ ಉತ್ತರದಲ್ಲಿ ಯಾರೂ ಬರೆದಿರುವುದಿಲ್ಲ. ಬರೆಯದೇ ಇದ್ದದ್ದನ್ನು ನಾವೇ ಓದಿಕೊಳ್ಳುವುದು ಬೇಡ.