ಪರ್ಮಿಟ್ ಕೇಳಿ, ಮೀಟರನ್ನೂ ಕೇಳಿ: ಗೀಸರ್ ಹಾಕಿಸುವವರಿಗೆ

ಸೊರಬ, ಆನವಟ್ಟಿ, ಶಿರಾಳಕೊಪ್ಪ ಕಡೆಯ ಎಷ್ಟೋ ಮನೆಗಳ ಬಚ್ಚಲಿನಲ್ಲಿ ಹಂಡೆ ಒಲೆಯ ಪಕ್ಕಕ್ಕೇ ಗೀಸರ್ ಬಂದು ಕೂತಿದೆ. ಅಡಿಕೆ ಹಾಳೆ ಉರಿಸಿ ನೀರು ಕಾಯಿಸಲು ಯಾರ ಪರವಾನಗಿಯೂ ಬೇಕಿರಲಿಲ್ಲ. ಗೀಸರ್ ಹಾಗಲ್ಲ. ಬರಿಗಾಲು, ಒದ್ದೆ ನೆಲ, ಕರೆಂಟು ಮೂರೂ ಸೇರುವ ಜಾಗ ಅದು.

ಮನೆ ವೈರಿಂಗನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕೆಂಬುದು ನಿಯಮ. ನಮ್ಮ ರಾಜ್ಯದಲ್ಲಿ ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಗುತ್ತಿಗೆದಾರರ ಲೈಸೆನ್ಸ್ ಎಲ್ಲವೂ ವಿದ್ಯುತ್ ಪರಿವೀಕ್ಷಣಾ ಇಲಾಖೆಯ ವ್ಯವಸ್ಥೆಯಡಿ ಸಿಗುತ್ತವೆ. ಹಾಗಾಗಿ ಮೊದಲ ಕೆಲಸ, ಪರ್ಮಿಟ್ ತೋರಿಸಿ ಎಂದು ಕೇಳುವುದು. ಸಂಕೋಚ ಬೇಡ. ಹೆಸರು, ಫೋಟೊ, ನವೀಕರಣದ ದಿನಾಂಕ ನೋಡಿ. ಏಣಿ ಹತ್ತಿದವರು ಫೋಟೊದಲ್ಲಿರುವವರೇ ಎಂಬುದನ್ನೂ ನೋಡಿ. ಲೈಸೆನ್ಸ್ ಒಬ್ಬರದು, ಸಹಿ ಅವರದು, ಇಕ್ಕಳ ಹಿಡಿದವನು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗ: ಇದು ಎಲ್ಲ ಊರಲ್ಲೂ ಕಾಣುವ ಸಂಗತಿ.

ಇನ್ನು, ಪರ್ಮಿಟ್ ಅಸಲಿಯೇ ಆದರೂ ಅದು ಹೇಳುವುದು ಇಷ್ಟೇ: ಈತ ಒಂದು ಕಾಲದಲ್ಲಿ ಅರ್ಹತೆ ಪಡೆದಿದ್ದ. ಇವತ್ತು ನಿಮ್ಮ ಬಚ್ಚಲಲ್ಲಿ ಹೇಗೆ ಕೆಲಸ ಮಾಡಿದ ಎಂಬುದನ್ನು ಅದು ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ಗ್ಯಾಸ್ ಕೆಲಸದವರ ನೋಂದಣಿಗೆ ಗ್ಯಾಸ್ ಸೇಫ್ ರಿಜಿಸ್ಟರ್ ಇದೆ. ಗ್ಯಾಸಿನವರ ಕಾರ್ಡಿನ ಹಿಂಬದಿಯಲ್ಲಿ ಯಾವ ಯಾವ ಕೆಲಸಕ್ಕೆ ಆತ ಅರ್ಹ ಎಂದೂ ಬರೆದಿರುತ್ತದೆ. ನಮ್ಮಲ್ಲಿ ಅದನ್ನು ಬಾಯಿಬಿಟ್ಟು ಕೇಳಬೇಕು: ಎಷ್ಟು ಗೀಸರ್ ಕೂರಿಸಿದ್ದೀರಿ, ಯಾರ ಮನೆಯಲ್ಲಿ, ನಿಮ್ಮ ಹತ್ತಿರ ಇನ್ಸುಲೇಷನ್ ಅಳೆಯುವ ಮೆಗ್ಗರ್ ಇದೆಯೇ? ಬರೀ ಟೆಸ್ಟರ್ ಜೇಬಿನಲ್ಲಿಟ್ಟುಕೊಂಡು ಬಂದವರನ್ನು ಚಹಾ ಕೊಟ್ಟು ಕಳಿಸಿಬಿಡಿ.

ವೈರಿನ ವಿಷಯ ಸುಲಭ. 2,000 ವಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, 3,000 ವಾಟಿನದು 13. ಬೋರ್ಡಿನಿಂದಲೇ ಪ್ರತ್ಯೇಕ ಎಂಸಿಬಿ, 16 ಆಂಪಿಯರ್ ಸಾಕೆಟ್, ಮೊದಲನೆಯದಕ್ಕೆ 2.5 ಚದರ ಮಿ.ಮೀ. ತಾಮ್ರದ ವೈರು, ಎರಡನೆಯದಕ್ಕೆ 4. ಹತ್ತಿರದ ಲೈಟ್ ಪಾಯಿಂಟಿಗೆ ಸಿಕ್ಕಿಸುತ್ತೇನೆ ಎಂದರೆ ಬೇಡ ಅನ್ನಿ. ಮಣ್ಣಿನ ಗೋಡೆಯಾದರೆ ಬೋಲ್ಟ್ ಹಿಡಿಯುತ್ತದೆಯೇ ಎಂದೂ ನೋಡಿಸಿ. 25 ಲೀಟರ್ ಟ್ಯಾಂಕಿನಲ್ಲಿ ನೀರಿನ ತೂಕವೇ 25 ಕಿಲೋ.

ಜೀವ ಹೋಗುವುದು ಅರ್ಥಿಂಗ್‌ನಲ್ಲಿ. ಅರ್ಥ್ ವೈರ್ ಎಳೆಯುವ ಶ್ರಮ ಉಳಿಸಲು ಕೆಲವರು ಸಾಕೆಟ್ಟಿನೊಳಗೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಗೇಣುದ್ದದ ತುಂಡು ವೈರು ಕಟ್ಟಿಬಿಡುತ್ತಾರೆ. ಟೆಸ್ಟ್ ಬಲ್ಬ್ ಹಿಡಿದರೆ ಚೆನ್ನಾಗಿಯೇ ಉರಿಯುತ್ತದೆ, ಮನೆಯವರಿಗೂ ಸಮಾಧಾನ. ಗಾಳಿ ಮಳೆಗೆ ಕಂಬದ ಮೇಲೆ ನ್ಯೂಟ್ರಲ್ ಕಡಿದುಹೋಯಿತೆನ್ನಿ, ಗೀಸರಿನ ಲೋಹದ ಮೈಗೆ, ಅಲ್ಲಿಂದ ಲೋಹದ ಪೈಪು ನಲ್ಲಿಗೂ ಕರೆಂಟು ಹರಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತಂತಿ ಕಡಿಯುವುದು ಅಪರೂಪವೇನಲ್ಲ. ಆದ್ದರಿಂದ ಮುಚ್ಚಳ ಹಾಕುವ ಮೊದಲು, ಮೇನ್ ಆಫ್ ಮಾಡಿಸಿ, ಸಾಕೆಟ್ಟಿನ ಒಳಭಾಗ ತೋರಿಸಲು ಹೇಳಿ. ಮೂರು ವೈರು ಬೇರೆ ಬೇರೆಯಾಗಿ ಬಂದಿರಬೇಕು. ನೀವೇ ಬಿಚ್ಚಲು ಹೋಗಬೇಡಿ.

ಕರೆಂಟು ಸೋರಿದರೆ ತಾನೇ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಲೇಬೇಕು. ಅದರ ಟೆಸ್ಟ್ ಗುಂಡಿ ಒತ್ತಿದಾಗ ಟಕ್ಕೆಂದು ಬಿದ್ದರೆ ಸಾಧನ ಸರಿಯಿದೆ ಎಂದರ್ಥ. ಅರ್ಥಿಂಗ್ ಇಲ್ಲದ ಮನೆಯಲ್ಲೂ ಗುಂಡಿ ಒತ್ತಿದರೆ ಅದು ಬೀಳುತ್ತದೆ ಎಂಬುದು ನೆನಪಿರಲಿ.

ಕೊನೆಗೆ ಅಳತೆ. ಮೇನ್ ಆಫ್ ಮಾಡಿ, ಉಪಕರಣಗಳನ್ನೆಲ್ಲ ಕಳಚಿ, 500 ವೋಲ್ಟ್ ಮೆಗ್ಗರ್ ಹಿಡಿದರೆ ವೈರಿಂಗ್‌ನ ಇನ್ಸುಲೇಷನ್ ಕನಿಷ್ಠ 1 ಮೆಗಾ ಓಮ್ ತೋರಿಸಬೇಕು. ಹೊಸ ವೈರಿಂಗ್ ಅದಕ್ಕಿಂತ ಎಷ್ಟೋ ಹೆಚ್ಚು ತೋರಿಸುತ್ತದೆ. ಅರ್ಥ್ ಟೆಸ್ಟರಿನಲ್ಲಿ 5 ಓಮ್ ಒಳಗಿದ್ದರೆ ಒಳ್ಳೆಯದೆಂಬುದು ಕಸುಬಿನವರ ಲೆಕ್ಕ. ಇಲ್ಲೊಂದು ಸ್ಥಳೀಯ ಸೂಕ್ಷ್ಮವಿದೆ. ಜುಲೈಯಲ್ಲಿ ನೆಲ ನೆನೆದಿರುವಾಗ ಅರ್ಥಿಂಗ್ ಚೆನ್ನಾಗಿಯೇ ಕಾಣುತ್ತದೆ, ಏಪ್ರಿಲ್‌ನಲ್ಲಿ ಜಂಬಿಟ್ಟಿಗೆ ಮಣ್ಣು ಒಣಗಿ ಬಿರಿದಾಗ ಅದೇ ಅರ್ಥಿಂಗ್ ಗುಂಡಿಯ ಅಳತೆ ಏರಿಬಿಡುತ್ತದೆ. ಇನ್ಸುಲೇಷನ್‌ದು ಇದಕ್ಕೆ ತದ್ವಿರುದ್ಧ: ಗೋಡೆ ತೇವ ಕುಡಿದ ಆಷಾಢದಲ್ಲೇ ಅದರ ನಿಜ ಬಣ್ಣ ಬಯಲಾಗುವುದು. ಆದ್ದರಿಂದ ಅರ್ಥಿಂಗನ್ನು ಬೇಸಿಗೆಯಲ್ಲೂ ವೈರಿಂಗನ್ನು ಮಳೆಗಾಲದಲ್ಲೂ ಇನ್ನೊಮ್ಮೆ ಅಳೆಯಿಸಿ.

ಗೀಸರಿನ ವಾಲ್ವಿನಿಂದ ಆಗಾಗ ನೀರು ತೊಟ್ಟಿಕ್ಕಿದರೆ ಅದಕ್ಕೆ ಬೆಣೆ ಹೊಡೆಸಬೇಡಿ, ಒಳಗಿನ ಒತ್ತಡ ಹೊರಹೋಗುವ ದಾರಿ ಅದೇ. ನಲ್ಲಿ ಮುಟ್ಟಿದಾಗ ಚುರುಕ್ ಎಂದರೆ ಮೇನ್ ಆಫ್ ಮಾಡಿ ವೈರ್‌ಮನ್‌ನನ್ನು ಕರೆಸಿ. ಕಂಬದ ಕಡೆಯ ತೊಂದರೆಯಾದರೆ ಮೆಸ್ಕಾಂ ಸಹಾಯವಾಣಿ 1912.

ಕೂಲಿಯ ಪೂರ್ತಿ ಹಣವನ್ನು ಗೀಸರ್ ಬಿಸಿಯಾದ ಕೂಡಲೇ ಕೊಡಬೇಡಿ. ಮೆಗ್ಗರ್ ಮತ್ತು ಅರ್ಥ್ ಟೆಸ್ಟರ್ ಅಳತೆ, ದಿನಾಂಕ, ಪರ್ಮಿಟ್ ಸಂಖ್ಯೆ ಬರೆದು ಸಹಿ ಹಾಕಿದ ಚೀಟಿ ಕೈಗೆ ಬಂದ ಮೇಲೆ ಕೊಡಿ.