ಕೊಪ್ಪಳ ಜಿಲ್ಲೆಯ ರಸ್ತೆಯಲ್ಲಿ ಕಾರಿನ ಕಣ್ಣು

ಕೊಪ್ಪಳ ಜಿಲ್ಲೆಯ ರಸ್ತೆಗಳೆಲ್ಲ ಒಂದೇ ತೆರನಾದವಲ್ಲ. ಹಿಟ್ನಾಳದಿಂದ ಕುಷ್ಟಗಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ನಾಲ್ಕು ಪಥದ್ದು. ನಡುವೆ ವಿಭಜಕ, ಅಂಚಿಗೆ ಬಿಳಿ ಗೆರೆ ಇವೆ. ಗಂಗಾವತಿಯಿಂದ ಕಾರಟಗಿ ಕಡೆಗಿನದು ಭತ್ತದ ಲಾರಿ, ಟ್ರ್ಯಾಕ್ಟರುಗಳ ರಸ್ತೆ. ಕುಕನೂರು ದಾಟಿ ಯಲಬುರ್ಗಾ ಕಡೆ ಹೊರಟರೆ ಎರೆ ಹೊಲಗಳ ನಡುವಿನ ದಾರಿ ಸುಗ್ಗಿಯಲ್ಲಿ ಅರ್ಧಕ್ಕರ್ಧ ಕಣವೇ ಆಗಿರುತ್ತದೆ. ರೈತರ ಬೀಜೋತ್ಪಾದನೆ ಪ್ಲಾಟುಗಳನ್ನು ನೋಡುವುದು ನನ್ನ ಕೆಲಸ. ಹಾಗಾಗಿ ಒಂದೇ ದಿನ ಈ ಮೂರೂ ಬಗೆಯ ರಸ್ತೆಯಲ್ಲಿ ಕಾರು ಓಡಿಸುವುದುಂಟು. ಚಾಲಕನ ನೆರವಿಗೆಂದು ಕಾರಿನಲ್ಲಿ ಕೊಟ್ಟಿರುವ ಸೌಲಭ್ಯಗಳು ಹೆದ್ದಾರಿಯಲ್ಲಿ ಜೀವ ಕಾಯುತ್ತವೆ, ಅವೇ ಹಳ್ಳಿಯ ದಾರಿಯಲ್ಲಿ ಅಡ್ಡ ಬರುತ್ತವೆ. ಗಾಜು, ಗಾಲಿ, ಬ್ರೇಕು ಸರಿಯಿಲ್ಲದಿದ್ದರೆ ಎಲ್ಲಿಯೂ ನೆರವಿಗೆ ಬರುವುದಿಲ್ಲ. ಈ ರಸ್ತೆಗಳಲ್ಲಿ ಓಡಾಡುತ್ತ ನಾನು ಕಲಿತದ್ದನ್ನು, ಹೊಸ ಕಾರು ಕೊಂಡಿರುವ ನಮ್ಮ ಭಾಗದವರಿಗೆ ಹೇಳಬೇಕೆನ್ನಿಸಿದೆ.

ಈ ಸೌಲಭ್ಯಗಳ ಗುಂಪಿಗೆ ಎಲ್ಲರೂ ಅಡಾಸ್ ಎನ್ನುತ್ತಾರೆ. 2021ರಲ್ಲಿ ಮಹೀಂದ್ರಾ ಎಕ್ಸ್‌ಯುವಿ700 ಬಂದಾಗ ಇದು ದೊಡ್ಡ ಕಾರಿನವರ ಮಾತಾಗಿತ್ತು. 2023ರಲ್ಲಿ ಹುಂಡೈ ವೆನ್ಯೂಗೆ ಬಂತು, 2024ರ ಕೊನೆಯಲ್ಲಿ ಹೋಂಡಾ ಅಮೇಜ್‌ನಂಥ ಸಣ್ಣ ಕಾರಿಗೂ ಬಂತು. ಈಗ ರೈಸ್‌ಮಿಲ್ಲಿನ ಮಾಲೀಕರಷ್ಟೇ ಅಲ್ಲ, ಹೈಸ್ಕೂಲಿನ ಮಾಸ್ತರರೂ ಅಡಾಸ್ ಇರುವ ಕಾರು ಕೊಳ್ಳುತ್ತಿದ್ದಾರೆ. ಅದಿಲ್ಲದ ಕಾರಿನಲ್ಲೂ ನೆರವು ಇದ್ದೇ ಇದೆ. 2019ರಿಂದ ಹೊಸ ಕಾರುಗಳಿಗೆ ಎಬಿಎಸ್ ಬ್ರೇಕು, ರಿವರ್ಸ್ ಪಾರ್ಕಿಂಗ್ ಸೆನ್ಸರ್, ಗಂಟೆಗೆ 80 ಕಿಲೋಮೀಟರ್ ದಾಟಿದರೆ ಬಿಟ್ಟುಬಿಟ್ಟು, 120 ದಾಟಿದರೆ ನಿಲ್ಲದೆ ಕೂಗುವ ಎಚ್ಚರಿಕೆ ಗಂಟೆ ಕಡ್ಡಾಯವಾಗಿವೆ. ಆ ಕೂಗು ಕಿರಿಕಿರಿಯೆಂದು ಅದರ ವೈರು ಕೀಳಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲು ಹೆದ್ದಾರಿಯ ಮಾತು. ಕುಷ್ಟಗಿ ಕಡೆಗೆ ಬೆಳಿಗ್ಗೆ ಹೊರಟಾಗ ನಾನು ಅಡಾಪ್ಟಿವ್ ಕ್ರೂಸ್ ಹಾಕಿಕೊಳ್ಳುತ್ತೇನೆ. ಮುಂದಿನ ವಾಹನ ನಿಧಾನಿಸಿದರೆ ಕಾರು ತಾನೂ ನಿಧಾನಿಸುತ್ತದೆ, ಅದು ಮುಂದೆ ಹೋದರೆ ತಾನೂ ವೇಗ ಹಿಡಿಯುತ್ತದೆ. ಕಾಲಿಗೆ ಬಿಡುವು ಸಿಗುವುದರಿಂದ ಸಂಜೆ ಮನೆಗೆ ಬಂದಾಗ ಆಯಾಸ ಕಡಿಮೆ ಇರುತ್ತದೆ. ಆದರೆ ಇದಕ್ಕೆ ಕೆಲವು ಕಟ್ಟುಪಾಡು ಹಾಕಿಕೊಂಡಿದ್ದೇನೆ. ಮುಂದಿನ ವಾಹನದಿಂದ ಇರಬೇಕಾದ ಅಂತರವನ್ನು ಯಾವಾಗಲೂ ಅತಿ ಹೆಚ್ಚಿಗೇ ಇಡುತ್ತೇನೆ. 80ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗಿರುತ್ತದೆ. ಆ ಅಂತರದೊಳಗೆ ಬೈಕಿನವರು ನುಗ್ಗುತ್ತಾರೆ, ಕಾರು ಬ್ರೇಕು ಹಿಡಿಯುತ್ತದೆ, ಹಿಂದಿನ ಲಾರಿಯವನಿಗೆ ಅದು ಅನಿರೀಕ್ಷಿತ. ಹೀಗಾಗಿ ಕ್ರೂಸ್ ಹಾಕಿದಾಗ ಹಿಂದಿನ ಕನ್ನಡಿ ನೋಡುವುದನ್ನು ಹೆಚ್ಚಿಸಬೇಕು.

ಎರಡನೆಯದು ಟೋಲ್. ಹಿಟ್ನಾಳ, ವಣಗೇರಿ ಟೋಲ್‌ಗಳು ದೂರದಲ್ಲಿ ಕಾಣುತ್ತಿದ್ದಂತೆ ಕ್ರೂಸ್ ತೆಗೆದುಬಿಡುತ್ತೇನೆ. ವೇಗದಲ್ಲಿರುವಾಗ ಮುಂದೆ ನಿಂತೇ ಇರುವ ವಾಹನವನ್ನು ಅನೇಕ ಕಾರುಗಳ ಕ್ರೂಸ್ ತಡವಾಗಿ ಗುರುತಿಸುತ್ತದೆ, ಇಲ್ಲವೇ ಗುರುತಿಸುವುದೇ ಇಲ್ಲ. ರಸ್ತೆ ಬದಿಯ ಕಂಬ, ಫಲಕ, ಸೇತುವೆಗಳಿಂದ ಮರಳುವ ರಾಡಾರ್ ಪ್ರತಿಧ್ವನಿಗೆಲ್ಲ ಬ್ರೇಕು ಹಿಡಿಯುತ್ತ ಹೋದರೆ ಕಾರು ಓಡುವುದೇ ಕಷ್ಟ. ಅದಕ್ಕೇ ಚಲಿಸದ ವಸ್ತುಗಳನ್ನು ಬದಿಗಿಡುವಂತೆ ಅದನ್ನು ರೂಪಿಸಿರುತ್ತಾರೆ. ಕೆಟ್ಟು ನಿಂತ ಲಾರಿಯೂ ಈ ಲೆಕ್ಕಕ್ಕೆ ಬೀಳಬಹುದು. ವಿಭಜಕದ ಸಂದಿ ತಪ್ಪಿತೆಂದು ರಾಂಗ್ ಸೈಡಿನಲ್ಲಿ ಬರುವ ಟಂಟಂ, ಬೈಕುಗಳನ್ನಂತೂ ಕ್ರೂಸ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ಎದುರಿನಿಂದ ಬರುವ ವಾಹನಕ್ಕೆ ಅದು ಮಾಡಿದ್ದಲ್ಲ. ಇದೆಲ್ಲ ಕಾರಿನ ಜೊತೆ ಕೊಡುವ ಪುಸ್ತಕದಲ್ಲೇ ಇದೆ. ಒಂದು ಭಾನುವಾರ ಕೂತು ಆ ಅಧ್ಯಾಯ ಓದಿದರೆ ಶೋರೂಮಿನಲ್ಲಿ ಹತ್ತು ನಿಮಿಷ ಹೇಳಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಗಂಗಾವತಿ ಕಡೆಗೆ ಬಂದರೆ ಸ್ಥಿತಿಯೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾಯಿತೆಂದರೆ ಗದ್ದೆಯಿಂದ ಮೇಲೆ ಬಂದ ಟ್ರ್ಯಾಕ್ಟರುಗಳು ಕೆಸರನ್ನು ಡಾಂಬರಿನ ಮೇಲೆ ಉದುರಿಸುತ್ತ ಹೋಗುತ್ತವೆ. ಕೇಜ್‌ವೀಲ್ ಹಾಕಿಕೊಂಡೇ ರಸ್ತೆಗಿಳಿದರೆ ಡಾಂಬರೂ ಹಾಳು. ಬಿಳಿ ಗೆರೆ ಕೆಸರಿನಡಿ ಮುಚ್ಚಿಹೋಗುತ್ತದೆ. ಗೆರೆ ಕಾಣದಿದ್ದರೆ ಕಾರನ್ನು ಪಥದೊಳಗೆ ಇಡುವ ಲೇನ್ ಕೀಪ್ ಕೆಲಸ ಮಾಡುವುದಿಲ್ಲ. ಅದು ಪೂರ್ತಿ ಸುಮ್ಮನಿದ್ದರೆ ತೊಂದರೆಯಿಲ್ಲ. ಗೆರೆ ಅಲ್ಲಲ್ಲಿ ಕಂಡು ಅಲ್ಲಲ್ಲಿ ಮರೆಯಾದಾಗಲೇ ಅಪಾಯ. ಗುಂಡಿ ತಪ್ಪಿಸಲು ನೀವು ಸ್ಟೀರಿಂಗ್ ಬಲಕ್ಕೆ ತಿರುಗಿಸಿರುತ್ತೀರಿ, ಇಂಡಿಕೇಟರ್ ಹಾಕಿರುವುದಿಲ್ಲ, ಅಷ್ಟರಲ್ಲಿ ಗೆರೆ ಕಂಡ ಕಾರು ಸ್ಟೀರಿಂಗನ್ನು ಎಡಕ್ಕೆ ಜಗ್ಗುತ್ತದೆ. ಜಗ್ಗುವ ಬಲ ಸಣ್ಣದು, ಕೈಯಿಂದ ಮೀರಬಹುದು. ಆದರೂ ಪಕ್ಕದಲ್ಲಿ ಸೈಕಲ್ಲಿನ ಹುಡುಗನಿದ್ದಾಗ ಆ ಒಂದು ಜಗ್ಗಾಟವೇ ಸಾಕು. ಶ್ರೀರಾಮನಗರ, ಕಾರಟಗಿ ರಸ್ತೆಯಲ್ಲೂ ಆನೆಗೊಂದಿ ಕಡೆಯ ಬಂಡೆಗಳ ತಿರುವುಗಳಲ್ಲೂ ನಾನು ಲೇನ್ ಕೀಪ್ ಬಂದ್ ಮಾಡಿಯೇ ಓಡಿಸುತ್ತೇನೆ. ತಾನಾಗಿ ಬ್ರೇಕು ಹಿಡಿಯುವ ವ್ಯವಸ್ಥೆಯನ್ನು ಮಾತ್ರ ಎಲ್ಲಿಯೂ ಬಂದ್ ಮಾಡುವುದಿಲ್ಲ. ಅದು ಕೊನೆಯ ಗಳಿಗೆಯ ಕಾವಲು.

ಆ ಕಾವಲಿಗೂ ಮಿತಿಯಿದೆ. ಭತ್ತದ ಕೊಯ್ಲು ಮುಗಿದ ಮೇಲೆ ಹುಲ್ಲು ಹೇರಿದ ಟ್ರ್ಯಾಲಿಗಳು ರಸ್ತೆಗೆ ಬರುತ್ತವೆ. ಹುಲ್ಲು ಟ್ರ್ಯಾಲಿಯ ನಾಲ್ಕೂ ಕಡೆ ಚಾಚಿರುತ್ತದೆ, ಹಿಂದಿನ ದೀಪವಿದ್ದರೂ ಅದರಡಿ ಮುಚ್ಚಿರುತ್ತದೆ. ರಾಡಾರ್ ಅಲೆಯನ್ನು ಕಬ್ಬಿಣ ಹಿಂದಿರುಗಿಸಿದಷ್ಟು ಚೆನ್ನಾಗಿ ಒಣಹುಲ್ಲು ಹಿಂದಿರುಗಿಸುವುದಿಲ್ಲ. ಕ್ಯಾಮೆರಾ ಕಾರು, ಲಾರಿ, ಬೈಕುಗಳ ಹಿಂಬದಿಯ ಆಕಾರ ಕಲಿತಿರುತ್ತದೆ, ಹುಲ್ಲಿನ ಗುಡ್ಡೆಯ ಆಕಾರವನ್ನಲ್ಲ. ಎಮ್ಮೆ, ದನ, ಕುರಿಹಿಂಡಿನ ವಿಷಯವೂ ಹೀಗೇ, ಗುರುತಿಸಿದರೆ ಪುಣ್ಯ. ಕತ್ತಲಾದ ಮೇಲೆ ಈ ರಸ್ತೆಗಳಲ್ಲಿ ನಾನು 50 ದಾಟುವುದಿಲ್ಲ.

ಈಗ ಗಾಜಿನ ವಿಷಯ. ಇದನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ನನ್ನ ಕಾರಿನ ಅಡಾಸ್ ಕೈಕೊಟ್ಟದ್ದು ಹೆಚ್ಚಾಗಿ ಇಲ್ಲೇ. ಕ್ಯಾಮೆರಾ ಇರುವುದು ಮುಂಗಾಜಿನ ಮೇಲ್ಭಾಗದಲ್ಲಿ, ಒಳಗನ್ನಡಿಯ ಹಿಂದೆ. ರಾಡಾರ್ ಇರುವ ಕಾರುಗಳಲ್ಲಿ ಅದು ಮುಂದಿನ ಜಾಲರಿಯಲ್ಲೋ ಲೋಗೋ ಹಿಂದೆಯೋ ಬಂಪರ್ ಕೆಳಗೋ ಇರುತ್ತದೆ. ನಮ್ಮ ಭಾಗದ ಬೋರ್‌ವೆಲ್ ನೀರು ಗಡಸು. ಅದನ್ನೇ ವಾಷರ್ ಡಬ್ಬಿಗೆ ತುಂಬಿ ಗಾಜಿಗೆ ಚಿಮ್ಮಿಸಿದರೆ ಒಣಗಿದ ಮೇಲೆ ಬಿಳಿ ಪೊರೆ ಉಳಿಯುತ್ತದೆ. ನಡುಹಗಲಿನಲ್ಲಿ ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. ಸಂಜೆ ಗಿಣಿಗೇರಾ ಕಡೆಯಿಂದ ಕೊಪ್ಪಳಕ್ಕೆ ಸೂರ್ಯನ ಎದುರಿಗೆ ಬರುವಾಗ ಆ ಪೊರೆ ಬೆಳಗಿ ಕ್ಯಾಮೆರಾ ಕುರುಡಾಗುತ್ತದೆ, ಮೀಟರಿನಲ್ಲಿ ಎಚ್ಚರಿಕೆ ಬರುತ್ತದೆ. ಅದರ ಜೊತೆಗೆ ಅಲ್ಲಿನ ಕಾರ್ಖಾನೆ, ಅದಿರು ಲಾರಿಗಳ ಧೂಳು. ಈಗ ನಾನು ವಾಷರ್ ಡಬ್ಬಿಗೆ ಶುದ್ಧೀಕರಿಸಿದ ನೀರನ್ನಷ್ಟೇ ಹಾಕುತ್ತೇನೆ. ಕ್ಯಾಮೆರಾ ಎದುರಿನ ಅಂಗೈಯಗಲದ ಗಾಜನ್ನು ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆ ಹಾಕುತ್ತೇನೆ. ಒಣ ಧೂಳನ್ನೇ ಉಜ್ಜಿದರೆ ಗಾಜಿನಲ್ಲಿ ಗೀರು ಬೀಳುತ್ತದೆ. ವೈಪರಿನ ರಬ್ಬರು ನಮ್ಮ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಗಟ್ಟಿಯಾಗುತ್ತದೆ. ಮಳೆಗಾಲಕ್ಕೆ ಮೊದಲು ಅದನ್ನು ಬದಲಿಸುವುದು ದೊಡ್ಡ ಖರ್ಚೇನಲ್ಲ.

ದೇವರ ಹೆಸರಿನ ಸ್ಟಿಕ್ಕರ್ ಗಾಜಿನ ಮೇಲಂಚಿಗೆ ಹಚ್ಚುವುದು ನಮ್ಮಲ್ಲಿ ರೂಢಿ. ನನ್ನ ಕಾರಿನಲ್ಲೂ ಗವಿಸಿದ್ಧೇಶ್ವರರ ಹೆಸರಿದೆ, ಹಿಂದಿನ ಗಾಜಿನ ಮೇಲೆ. ಮುಂದೆಯೇ ಬೇಕೆಂದರೆ ಕ್ಯಾಮೆರಾ ಜಾಗ ಬಿಟ್ಟು ಹಚ್ಚಿಸಿ. ಆಯುಧ ಪೂಜೆಯ ದಿನ ಜಾಲರಿಗೆ ಕಟ್ಟುವ ಚೆಂಡುಹೂವಿನ ಹಾರ, ಬಾಳೆಕಂದು, ಗಾಜಿಗೆ ಹಚ್ಚುವ ವಿಭೂತಿ ಇವೂ ಸೆನ್ಸರನ್ನು ಮುಚ್ಚುತ್ತವೆ. ಪೂಜೆ ಶ್ರದ್ಧೆಯಿಂದ ಆಗಲಿ, ಹೆದ್ದಾರಿಗೆ ಇಳಿಯುವ ಮೊದಲು ಹಾರ ಬಿಚ್ಚಿಡಿ. ಬಂಪರಿಗೆ ಸ್ಟೀಲ್ ಗಾರ್ಡ್ ಹಾಕಿಸುವುದಂತೂ ಬೇಡವೇ ಬೇಡ. 2017ರಲ್ಲೇ ಕೇಂದ್ರ ಸರ್ಕಾರ ಅದಕ್ಕೆ ತಡೆ ಹಾಕಿದೆ, ರಾಡಾರಿಗೂ ಅದು ಅಡ್ಡ. ಜಲ್ಲಿ ಲಾರಿಯ ಹಿಂದೆ ಹೋಗಿ ಗಾಜು ಒಡೆದು ಬದಲಿಸಬೇಕಾದರೆ ಕ್ಯಾಮೆರಾವನ್ನು ಮತ್ತೆ ಅಳತೆಗೆ ಹೊಂದಿಸಿಕೊಡಬೇಕು. ಆ ಉಪಕರಣ ಇರುವ ಸರ್ವಿಸ್ ಸೆಂಟರಿನಲ್ಲೇ ಗಾಜು ಹಾಕಿಸಿ, ಹೊಂದಿಸಿದ್ದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಟೈರಿನ ಬಗ್ಗೆ ನಮ್ಮ ಕಡೆ ಒಂದು ತಪ್ಪು ನಂಬಿಕೆಯಿದೆ. ಬೇಸಿಗೆಯಲ್ಲಿ ಗಾಳಿ ಹಿಗ್ಗುತ್ತದೆ, ಆದ್ದರಿಂದ ಕಡಿಮೆ ಹೊಡೆಸಬೇಕು ಎನ್ನುತ್ತಾರೆ. ಗಾಳಿ ಹಿಗ್ಗುವುದು ನಿಜ. ಆದರೆ ಕಾರು ತಯಾರಿಸಿದವರು ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದ ಒತ್ತಡ ಆ ಹಿಗ್ಗುವಿಕೆಯನ್ನು ಲೆಕ್ಕ ಹಿಡಿದೇ ಕೊಟ್ಟದ್ದು. ಗಾಳಿ ಕಡಿಮೆಯಾದರೆ ಟೈರಿನ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಕಾಯುತ್ತದೆ. 40 ಡಿಗ್ರಿ ಬಿಸಿಲಿನ ಕಾಂಕ್ರೀಟು, ಡಾಂಬರಿನ ಮೇಲೆ ಅಂಥ ಟೈರೇ ಸಿಡಿಯುವುದು. ಬೆಳಿಗ್ಗೆ, ಕಾರು ಓಡಿಸುವ ಮೊದಲು, ತಣ್ಣಗಿರುವಾಗ ಒತ್ತಡ ನೋಡಬೇಕು. ಟೈರ್ ಒತ್ತಡದ ದೀಪ ಇದೆಯೆಂದು ಸುಮ್ಮನಿರಬೇಡಿ. ಅನೇಕ ಕಾರುಗಳಲ್ಲಿ ಅದು ಕಾಲು ಭಾಗದಷ್ಟು ಗಾಳಿ ಇಳಿದ ಮೇಲಷ್ಟೇ ಹೊತ್ತುತ್ತದೆ. ಸ್ಟೆಪ್ನಿಗೆ ಸಾಮಾನ್ಯವಾಗಿ ಸೆನ್ಸರೇ ಇರುವುದಿಲ್ಲ. ಯಲಬುರ್ಗಾದ ಒಬ್ಬ ಪಂಕ್ಚರ್ ಅಂಗಡಿಯವರು ನನಗೆ ಟೈರಿನ ಗೋಡೆಯ ಮೇಲಿನ ನಾಲ್ಕು ಅಂಕಿ ಓದಲು ಹೇಳಿಕೊಟ್ಟರು. ಮೊದಲೆರಡು ವಾರ, ಕೊನೆಯೆರಡು ವರ್ಷ. 2322 ಎಂದಿದ್ದರೆ 2022ರ 23ನೇ ವಾರ ತಯಾರಾದದ್ದು. ‘ಗುಂಡಿ ಬಿದ್ದಮ್ಯಾಲ ಅಲೈನ್‌ಮೆಂಟ್ ನೋಡಸ್ರಿ ಸರ, ಗಾಡಿ ಒಂದ ಕಡಿ ಜಗ್ಗತೈತಿ’ ಎಂದವರೂ ಅವರೇ. ಅಲೈನ್‌ಮೆಂಟ್ ತಪ್ಪಿದ ಕಾರಿನಲ್ಲಿ ಲೇನ್ ಕೀಪ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ.

ಎಬಿಎಸ್ ಇರುವ ಕಾರಿನಲ್ಲಿ ಜೋರಾಗಿ ಬ್ರೇಕು ತುಳಿದಾಗ ಪೆಡಲು ಗಡಗಡ ನಡುಗುತ್ತದೆ. ಬ್ರೇಕು ಕೆಟ್ಟಿತೆಂದು ಕಾಲು ತೆಗೆಯುವವರು ಬಹಳ. ಕಾಲು ತೆಗೆಯಬಾರದು, ಒತ್ತಿಯೇ ಹಿಡಿದು ಸ್ಟೀರಿಂಗ್ ತಿರುಗಿಸಬೇಕು. ಮನೆಯಲ್ಲಿ ಕಾರು ಓಡಿಸುವವರಿಗೆಲ್ಲ ಖಾಲಿ ಮೈದಾನದಲ್ಲಿ ಇದನ್ನೊಮ್ಮೆ ಮಾಡಿಸಿ ತೋರಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಕಾರು ತಾನಾಗಿ ಬ್ರೇಕು ಹಿಡಿಯುವಾಗಲೂ ಬಳಸುವುದು ಅದೇ ಬ್ರೇಕು, ಅದೇ ಟೈರು.

ಯಲಬುರ್ಗಾ, ಕುಷ್ಟಗಿಯ ಒಳರಸ್ತೆಗಳಲ್ಲಿ ಸಜ್ಜೆ, ಹುರುಳಿ, ತೊಗರಿ ಹರವಿರುವ ದಿನಗಳಲ್ಲಿ ಇನ್ನೊಂದು ಎಚ್ಚರ ಬೇಕು. ‘ಸಾವಕಾಶ ಹೋಗ್ರಿ ಸರ, ಕೆಳಗ ಹೊಟ್ಟು ಸಿಗಹಾಕ್ಕೊಂತೈತಿ’ ಎಂದು ರೈತರೇ ಹೇಳುತ್ತಾರೆ, ಅದು ನೂರಕ್ಕೆ ನೂರು ಸರಿಯಾದ ಮಾತು. ದಂಟು, ಬಳ್ಳಿ ಆಕ್ಸಲಿಗೆ ಸುತ್ತಿಕೊಳ್ಳುತ್ತವೆ, ಸೈಲೆನ್ಸರ್ ಕೊಳವೆಗೆ ತಾಗಿ ಹೊತ್ತಿಕೊಳ್ಳುತ್ತವೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಅದು ಆಗಾಗ ತನ್ನೊಳಗಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ, ಆಗ ಒಳಗಿನ ಬಿಸಿ 600 ಡಿಗ್ರಿಯವರೆಗೂ ಏರುತ್ತದೆ. ಅಂಥ ಹೊತ್ತಿನಲ್ಲಿ ಹೊಟ್ಟಿನ ಮೇಲೆ ಕಾರು ನಿಲ್ಲಿಸಿದರೆ ಬೆಂಕಿಗೆ ಬೇರೇನೂ ಬೇಡ. ಹರವಿದ ಫಸಲು ದಾಟಿದ ಮೇಲೆ ಬಯಲು ಜಾಗದಲ್ಲಿ ನಿಲ್ಲಿಸಿ ಅಡಿಗೆ ಬಗ್ಗಿ ನೋಡುತ್ತೇನೆ. ಸುಟ್ಟ ವಾಸನೆ ಬಂದರೆ ಕೂಡಲೇ ಎಂಜಿನ್ ಬಂದ್. ಮನೆಗೆ ಬಂದು ಏರ್ ಫಿಲ್ಟರ್ ತೆಗೆದು ನೋಡಿದರೆ ಹೊಟ್ಟಿನ ಪುಡಿ ಸಿಗುತ್ತದೆ. ನಮ್ಮ ಧೂಳಿಗೆ ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಬೇಗ ಅದನ್ನು ಬದಲಿಸಬೇಕು.

ರೇಡಿಯೇಟರಿಗೆ ಬೋರ್ ನೀರು ಹಾಕಬೇಡಿ, ಒಳಗೆ ಸುಣ್ಣ ಕಟ್ಟುತ್ತದೆ. ಕಾರಿಗೆ ಹೇಳಿದ ಕೂಲಂಟನ್ನೇ ಹಾಕಿ, ಎಂಜಿನ್ ಬಿಸಿಯಿರುವಾಗ ಮುಚ್ಚಳ ತೆಗೆಯಬೇಡಿ. ಭತ್ತದ ಊರುಗಳಲ್ಲಿ ಇಲಿ ಕಾಟ ಹೆಚ್ಚು. ಸೆನ್ಸರಿನ ವೈರು ಒಂದು ಕಡಿದರೂ ಅಡಾಸ್ ನಿಲ್ಲುತ್ತದೆ. ಕೆಲವರು ಬಾನೆಟ್ಟಿನಲ್ಲಿ ತಂಬಾಕಿನ ಎಲೆ ಇಡುತ್ತಾರೆ. ನನಗೆ ಫಲ ಕೊಟ್ಟದ್ದು ಕಾಳಿನ ಚೀಲಗಳಿಂದ ದೂರ ಕಾರು ನಿಲ್ಲಿಸಿ, ಬೆಳಿಗ್ಗೆ ಬಾನೆಟ್ ಎತ್ತಿ ನೋಡುವುದು.

ಕಾರಿನವರು ಎಷ್ಟೇ ಎಚ್ಚರವಿದ್ದರೂ ಸುರಕ್ಷತೆಯ ಉಳಿದರ್ಧ ರೈತರ, ಟ್ರ್ಯಾಕ್ಟರಿನವರ ಕೈಯಲ್ಲಿದೆ. ರಸ್ತೆಯಲ್ಲಿ ಒಕ್ಕಣೆ ಮಾಡುವ ರೈತರ ಕಷ್ಟ ನನಗೆ ಗೊತ್ತು. ಊರೂರಿಗೂ ಕಣ ಕಟ್ಟಿಕೊಡುವುದು ಪಂಚಾಯಿತಿಗಳ ಕೆಲಸ. ಅಲ್ಲಿಯವರೆಗೆ ಫಸಲಿನ ಸುತ್ತ ಇಟ್ಟ ಕಲ್ಲುಗಳನ್ನು ಕತ್ತಲಾಗುವ ಮೊದಲು ತೆಗೆದುಬಿಡಿ. ಆ ಕಲ್ಲು ಬೈಕಿನವರಿಗೆ ಕಾಣುವುದಿಲ್ಲ, ಕಾರಿನ ಕ್ಯಾಮೆರಾಗೂ ಕಾಣುವುದಿಲ್ಲ. ಟ್ರ್ಯಾಲಿಯ ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕೆಂದು ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಅದರ ಬೆಲೆ ಒಂದು ಚೀಲ ಗೊಬ್ಬರಕ್ಕಿಂತ ಕಡಿಮೆ. ಈ ಸುಗ್ಗಿಗೆ ಮೊದಲು ಹಚ್ಚಿಸಿ, ಹುಲ್ಲು ಹೇರಿದಾಗ ಅದು ಮುಚ್ಚದ ಹಾಗೆ ಕಟ್ಟಿ.