ಹೊಸ ಹೃದಯ, ಹಳೆಯ ವೈರಸ್

1967ನೆಯ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಎಂಬ ಶಸ್ತ್ರವೈದ್ಯರು, ಪ್ರಪಂಚದಲ್ಲಿ ಮೊದಲ ಬಾರಿಗೆ, ಮೃತರಾದ ಒಬ್ಬರ ಹೃದಯವನ್ನು ಮತ್ತೊಬ್ಬರ ಎದೆಯಲ್ಲಿ ಕೂಡಿಸಿದರು. ಹೊಸ ಹೃದಯವು ಚೆನ್ನಾಗಿಯೇ ಮಿಡಿಯಿತು. ಆದರೂ 18 ದಿನಗಳ ಬಳಿಕ ರೋಗಿಯು ನ್ಯುಮೋನಿಯದಿಂದ ಅಸುನೀಗಿದನು. ಹೀಗೇಕಾಯಿತು?

ಪರರ ಅಂಗವನ್ನು ದೇಹವು ಶತ್ರುವೆಂದೇ ಬಗೆಯುತ್ತದೆ. ರಕ್ತದ ಬಿಳಿಯ ಕಣಗಳು ಅದರ ಮೇಲೆ ದಾಳಿ ಮಾಡುತ್ತವೆ. ಅವುಗಳ ಬಲವನ್ನು ಕುಗ್ಗಿಸುವ ಔಷಧಗಳಿಲ್ಲದೆ ಹೊಸ ಹೃದಯವು ಉಳಿಯದು. ಆದರೆ ರೋಗಾಣುಗಳನ್ನು ತಡೆಯುವವೂ ಈ ಕಣಗಳೇ. ಕಾವಲುಗಾರನನ್ನು ಮಲಗಿಸಿದ ಮನೆಗೆ ಕಳ್ಳನು ನುಗ್ಗುವುದು ಸುಲಭ. ಕಳ್ಳನು ಮೊದಲೇ ಒಳಗೆ ಅವಿತಿದ್ದರಂತೂ ಹೇಳಬೇಕಾದುದೇ ಇಲ್ಲ. ಹೆಪಟೈಟಿಸ್ ‘ಬಿ’ ಅಥವಾ ‘ಸಿ’ ವೈರಸ್ಸು ಯಕೃತ್ತಿನಲ್ಲಿ, ಅಂದರೆ ಪಿತ್ತಜನಕಾಂಗದಲ್ಲಿ, ಬಹುಕಾಲದಿಂದ ನೆಲೆಸಿರುವ ಹೃದ್ರೋಗಿಯ ಸ್ಥಿತಿ ಇದೇ. ಹೃದಯವನ್ನು ಕಾಯುವ ಔಷಧವೇ ಅವನ ಯಕೃತ್ತಿಗೆ ಮುಳುವಾಗಬಹುದು. ದಾನವಾಗಿ ದೊರೆಯುವ ಹೃದಯಗಳಾದರೋ ವಿರಳ. ಆದುದರಿಂದ ಇಂತಹವರಿಗೆ ಅವನ್ನು ನೀಡಲು ವೈದ್ಯರು ಬಹುಕಾಲ ಹಿಂಜರಿದರು.

ಈ ಎರಡು ವೈರಸ್ಸುಗಳ ಸ್ವಭಾವವು ಒಂದೇ ಅಲ್ಲ. ‘ಬಿ’ ವೈರಸ್ಸು ಯಕೃತ್ತಿನ ಜೀವಕೋಶದ ಕೇಂದ್ರದೊಳಗೆ ತನ್ನ ಡಿಎನ್ಎಯನ್ನು ಅಡಗಿಸಿಡುತ್ತದೆ. ಎಂಟೆಕವಿರ್, ಟೆನೊಫೊವಿರ್ ಎಂಬ ಔಷಧಗಳು ಅದರ ವೃದ್ಧಿಯನ್ನು ತಡೆಯಬಲ್ಲವೇ ಹೊರತು ಬೇರುಸಹಿತ ಕೀಳಲಾರವು. ಆದಕಾರಣ ಅವನ್ನು ನಿಲ್ಲಿಸದೆ ಸೇವಿಸಬೇಕು. 1989ರಲ್ಲಿ ಪತ್ತೆಯಾದ ‘ಸಿ’ ವೈರಸ್ಸು ಕೋಶಕೇಂದ್ರದಲ್ಲಿ ನೆಲೆಯೂರುವುದಿಲ್ಲ. ಹೊಸ ಗುಳಿಗೆಗಳನ್ನು 8ರಿಂದ 12 ವಾರ ಸೇವಿಸಿದರೆ ನೂರರಲ್ಲಿ 95ಕ್ಕೂ ಹೆಚ್ಚು ಮಂದಿ ಗುಣಹೊಂದುತ್ತಾರೆ.

ಇಲ್ಲಿಯೂ ಎಚ್ಚರಿಕೆ ಅಗತ್ಯ. ಹೃದಯದ ಬಡಿತವನ್ನು ಸರಿಪಡಿಸಲು ಕೊಡುವ ಅಮಿಯೊಡರೋನ್ ಎಂಬ ಔಷಧದೊಡನೆ, ‘ಸಿ’ ವೈರಸ್ಸಿಗೆ ಕೊಡುವ ಸೊಫೊಸ್ಬುವಿರ್ ಸೇರಿದರೆ ಬಡಿತವು ಅಪಾಯಕರವಾಗಿ ಇಳಿಯಬಹುದು. ಯಕೃತ್ತು ಆಗಲೇ ಗಟ್ಟಿಗೊಂಡು ಕೆಟ್ಟಿದ್ದರೆ ಹೃದಯವೊಂದನ್ನೇ ಬದಲಿಸಿ ಪ್ರಯೋಜನವಿಲ್ಲ. ಕೆಲವೊಮ್ಮೆ ಎರಡು ಅಂಗಗಳನ್ನೂ ಒಟ್ಟಿಗೆ ಬದಲಿಸಬೇಕಾಗುತ್ತದೆ.

ಈ ಗುಳಿಗೆಗಳಿಂದ ಮತ್ತೊಂದು ಬಾಗಿಲೂ ತೆರೆಯಿತು. ಹಿಂದೆ ‘ಸಿ’ ವೈರಸ್ಸಿದ್ದ ದಾನಿಗಳ ಹೃದಯಗಳು ಬಹುಮಟ್ಟಿಗೆ ವ್ಯರ್ಥವಾಗುತ್ತಿದ್ದವು. ಅಂತಹ ದಾನಿಗಳ ಹೃದಯವನ್ನು 8 ಮಂದಿಗೂ ಶ್ವಾಸಕೋಶವನ್ನು 36 ಮಂದಿಗೂ ನೀಡಿದ ಪ್ರಯೋಗದ ವರದಿಯನ್ನು ಅಮೆರಿಕದ ಬಾಸ್ಟನ್ ನಗರದ ವೈದ್ಯರು 2019ರಲ್ಲಿ ಪ್ರಕಟಿಸಿದರು. ಕೆಲವೇ ಗಂಟೆಗಳೊಳಗೆ ಗುಳಿಗೆಯನ್ನು ಆರಂಭಿಸಿ ನಾಲ್ಕು ವಾರ ಕೊಡಲಾಗಿತ್ತು. ಆರು ತಿಂಗಳು ತುಂಬಿದ 35 ಮಂದಿಯಲ್ಲಿ ಒಬ್ಬರ ರಕ್ತದಲ್ಲಿಯೂ ವೈರಸ್ಸು ಕಾಣಲಿಲ್ಲ.

ಒಂದು ಅಂಗವನ್ನು ಉಳಿಸಹೊರಟ ವೈದ್ಯನು ಇಡೀ ದೇಹವನ್ನು ನೋಡಬೇಕೆಂಬ ಪಾಠವನ್ನು ಇದರಿಂದ ಕಲಿಯಬಹುದಲ್ಲವೆ?